6ಬಿ ಲಸಿಕೆ 6ಎ ಯನ್ನು ತಡೆಯಿತು, 19ಎಫ್ ಲಸಿಕೆ 19ಎ ಯನ್ನು ಯಾಕೆ ತಡೆಯಲಿಲ್ಲ?

ತೋಳಹುಣಸೆ ಎಂಎಸ್ಸಿ

ಎಲ್ಲರಿಗೂ ನಮಸ್ಕಾರ. ಮೈಕ್ರೋಬಯಾಲಜಿ ಎಂಎಸ್ಸಿ ಕೊನೇ ವರ್ಷದಲ್ಲಿದ್ದೀನಿ. ಬರೋ ಗುರುವಾರ ನನ್ನ ಸೆಮಿನಾರ್. ವಿಷಯ ನ್ಯುಮೋನಿಯಾ ತರೋ ನ್ಯುಮೋಕಾಕಸ್‌ನ ಕ್ಯಾಪ್ಸೂಲ್, ಅಂದ್ರೆ ಆ ಬ್ಯಾಕ್ಟೀರಿಯಾ ಮೈಮೇಲೆ ಹೊದ್ದಿರೋ ಸಕ್ಕರೆಯ ಹೊದಿಕೆ. ಒಂದು ಹೊದಿಕೆಗೆ ಅಂತ ಹುಟ್ಟಿದ ಆಂಟಿಬಾಡಿ ಇನ್ನೊಂದು ಹೊದಿಕೆಗೂ ಹೋಗಿ ಅಂಟಿಕೊಳ್ಳುತ್ತಲ್ಲ, ಆ ಕ್ರಾಸ್ ರಿಯಾಕ್ಷನ್ ಬಗ್ಗೆ ಮಾತಾಡಬೇಕು.

ಒಂದು ಕಡೆ ಬುದ್ಧಿ ಓಡ್ತಿಲ್ಲ. 2000ರಲ್ಲಿ ಅಮೆರಿಕದಲ್ಲಿ ಮಕ್ಕಳಿಗೆ ಕೊಡೋಕೆ ಶುರುಮಾಡಿದ ಏಳು ಬಗೆಯ ನ್ಯುಮೋಕಾಕಲ್ ಲಸಿಕೆಯಲ್ಲಿ 6ಬಿ ಅನ್ನೋ ಬಗೆಯ ಹೊದಿಕೆ ಇತ್ತು, 6ಎ ಇರಲಿಲ್ಲ. 19ಎಫ್ ಇತ್ತು, 19ಎ ಇರಲಿಲ್ಲ. ಲಸಿಕೆ ಬಂದಮೇಲೆ 6ಎ ಕಾಯಿಲೆನೂ ಇಳೀತು. 19ಎ ಇಳಿಯೋದಿರಲಿ, ಏರಿತು. ರಚನೆ ತೆಗೆದು ನೋಡಿದ್ರೆ ಎರಡು ಜೋಡಿಯಲ್ಲೂ ವ್ಯತ್ಯಾಸ ಒಂದೇ ಒಂದು ಕೊಂಡಿ. 6ಎ ಯಲ್ಲಿ ರಾಮ್ನೋಸ್ ಅನ್ನೋ ಸಕ್ಕರೆ ಹೋಗಿ ಪಕ್ಕದ ರಿಬಿಟಾಲ್‌ನ 3ನೇ ಕಾರ್ಬನ್‌ಗೆ ಸೇರುತ್ತೆ, 6ಬಿ ಯಲ್ಲಿ 4ನೇದಕ್ಕೆ. 19ಎಫ್‌ನಲ್ಲಿ ಗ್ಲೂಕೋಸ್ ಹೋಗಿ ರಾಮ್ನೋಸ್‌ನ 2ನೇ ಕಾರ್ಬನ್‌ಗೆ ಸೇರುತ್ತೆ, 19ಎ ಯಲ್ಲಿ 3ನೇದಕ್ಕೆ. ಇಷ್ಟೇ ಇಷ್ಟು ವ್ಯತ್ಯಾಸ. ಒಂದು ಜೋಡಿಗೆ ನಡೆದಿದ್ದು ಇನ್ನೊಂದಕ್ಕೆ ಯಾಕೆ ನಡೀಲಿಲ್ಲ?

ನಮ್ಮ ಗೈಡ್ ಖಂಡಿತ ಇದನ್ನೇ ಕೇಳ್ತಾರೆ. ಗೊತ್ತಿರೋರು ದಯವಿಟ್ಟು ಹೇಳಿ.


ವಿದ್ಯಾನಗರ ಲ್ಯಾಬ್

ನೋಡು ತಂಗಿ, ನಾನು ಬೆಂಚಿನ ಮುಂದೆ ಕೂತು ಇಪ್ಪತ್ತೆರಡು ವರ್ಷ ಆಯ್ತು. ರಚನೆ ಗಿಚನೆ ನನಗೆ ಅಷ್ಟಾಗಿ ಗೊತ್ತಿಲ್ಲ. ಆದರೆ ಒಂದೇ ಅಂಕಿಯಡಿ ಬರೋವು ಒಂದೇ ಗುಂಪಿನ ಸೀರಮ್‌ಗೆ, ಅಂದ್ರೆ ಆಂಟಿಬಾಡಿ ಇರೋ ರಕ್ತದ ತಿಳಿಗೆ, ಅಂಟ್ತಾವೆ. ಅಂಟಿದ ಮೇಲೆ ಆಂಟಿಬಾಡಿ ಕೆಲಸ ಮಾಡ್ತು ಅಂತಲೇ ಅಲ್ವಾ ಲೆಕ್ಕ? 19ಎ ಹೆಚ್ಚಾಗಿದ್ದಕ್ಕೆ ಆಂಟಿಬಯೋಟಿಕ್‌ಗೆ ಬಗ್ಗದ ತಳಿಗಳು ಕಾರಣ ಅಂತ ಓದಿದ ನೆನಪು. ಲಸಿಕೆ ಮೇಲೆ ತಪ್ಪು ಹೊರಿಸೋಕಿಂತ ಮುಂಚೆ ಅದನ್ನೂ ನೋಡು.


ಕೋಟೆ ಕೆಮಿಸ್ಟ್ರಿ

ಚಿತ್ರದುರ್ಗದಿಂದ ಬರೀತಿದ್ದೀನಿ. ಕಾಲೇಜಿನಲ್ಲಿ ಕಾರ್ಬೋಹೈಡ್ರೇಟ್ ರಸಾಯನಶಾಸ್ತ್ರ ಪಾಠ ಮಾಡೋನು. ಈ ಪ್ರಶ್ನೆ ನೋಡಿ ರಾತ್ರಿ ಊಟ ಆದಮೇಲೆ ಕೂತು ಬರೀತಿದ್ದೀನಿ, ಸ್ವಲ್ಪ ಉದ್ದ ಆಗುತ್ತೆ.

ಮೊದಲು ಹೆಸರಿನ ವಿಚಾರ. 6ಎ, 6ಬಿ ಅನ್ನೋದು ಡೆನ್ಮಾರ್ಕ್‌ನವರ ಪದ್ಧತಿ. ಮೊಲದಲ್ಲಿ ತಯಾರಿಸಿದ ಸೀರಮ್‌ಗೆ ಕ್ರಾಸ್ ರಿಯಾಕ್ಷನ್ ತೋರಿಸಿದವನ್ನೆಲ್ಲ ಒಂದು ಅಂಕಿಯಡಿ ತಂದು, ಆಮೇಲೆ ಅಕ್ಷರ ಹಚ್ಚಿದರು. ಅಮೆರಿಕದವರು ಸಿಕ್ಕಿದ ಕ್ರಮದಲ್ಲೇ ಅಂಕಿ ಕೊಡುತ್ತ ಹೋದರು. ಅವರಲ್ಲಿ 6ಎ ಅಂದರೆ 6, 6ಬಿ ಅಂದರೆ 26. 19ಎಫ್ ಅಂದರೆ 19, 19ಎ ಅಂದರೆ 57. ಅಂದಮೇಲೆ 19ಎಫ್, 19ಎ ಅಂತ ಅಕ್ಕತಂಗಿಯರ ಹಾಗೆ ಕೇಳಿಸೋ ಹೆಸರು ಮೊಲ ಹೇಳಿದ ಸಾಕ್ಷಿ ಅಷ್ಟೆ. ಮಗುವಿನ ಮೈಯೊಳಗೆ ಹುಟ್ಟೋ ಆಂಟಿಬಾಡಿಯ ಬಗ್ಗೆ ಆ ಹೆಸರು ಏನೂ ಮಾತು ಕೊಡೋದಿಲ್ಲ.

ಈಗ ರಚನೆ. ಹೂ ಕಟ್ಟೋರನ್ನ ನೆನೆಸಿಕೊಳ್ಳಿ. ಮಲ್ಲಿಗೆ, ಕನಕಾಂಬರ, ಮರುಗ, ಮತ್ತೆ ಮಲ್ಲಿಗೆ, ಕನಕಾಂಬರ, ಮರುಗ. ಕ್ಯಾಪ್ಸೂಲ್ ಕೂಡ ಹೀಗೇ, ನಾಲ್ಕಾರು ಸಕ್ಕರೆಗಳ ಒಂದು ತುಂಡು ನೂರಾರು ಸಲ ಮರುಕಳಿಸಿದ ಮಾಲೆ. ಆಂಟಿಬಾಡಿಗೆ ಇಡೀ ಮಾಲೆ ಹಿಡಿಯೋಷ್ಟು ದೊಡ್ಡ ಕೈ ಇಲ್ಲ. ಎಲ್ವಿನ್ ಕಬಾಟ್ ಅನ್ನೋ ವಿಜ್ಞಾನಿ ಡೆಕ್ಸ್ಟ್ರಾನ್, ಅಂದರೆ ಬರೀ ಗ್ಲೂಕೋಸ್‌ನ ಮಾಲೆ, ಅದರ ಮೇಲೆ ಮಾಡಿದ ಕೆಲಸದಲ್ಲಿ ಆಂಟಿಬಾಡಿಯ ಹಿಡಿತ ತುಂಬೋಕೆ ಸುಮಾರು ಆರು ಗ್ಲೂಕೋಸ್ ಸಾಕಾಯ್ತು. ಅಂದರೆ ಅದು ಓದೋದು ಮಾಲೆಯ ಗೇಣುದ್ದವನ್ನೂ ಅಲ್ಲ, ಬೆರಳುದ್ದವನ್ನ. ಆ ಬೆರಳುದ್ದದಲ್ಲಿ ಯಾವ ಹೂ ಇದೆ ಅನ್ನೋದರ ಜೊತೆಗೆ ಗಂಟು ಎಲ್ಲಿ ಬಿದ್ದಿದೆ, ಹೂ ಯಾವ ಕಡೆ ಮುಖ ಮಾಡಿದೆ ಅನ್ನೋದೂ ಲೆಕ್ಕಕ್ಕೆ ಬರುತ್ತೆ.

6ರ ಗುಂಪಿನ ತುಂಡು ಇದು: ಗ್ಯಾಲಕ್ಟೋಸ್, ಗ್ಲೂಕೋಸ್, ರಾಮ್ನೋಸ್, ರಿಬಿಟಾಲ್, ಕೊನೆಗೆ ಫಾಸ್ಫೇಟ್. ಮೊದಲ ಮೂರು ಉಂಗುರ. ರಿಬಿಟಾಲ್ ಉಂಗುರ ಅಲ್ಲ, ಬಿಚ್ಚಿದ ಸರಪಳಿ, ಬಳುಕೋ ಜಾಗ. 6ಎ ಗೂ 6ಬಿ ಗೂ ಇರೋ ವ್ಯತ್ಯಾಸ ಬಿದ್ದಿರೋದು ಈ ಬಳುಕೋ ಕಡೆ. ಮೂರು ಉಂಗುರಗಳ ಭಾಗ ಎರಡರಲ್ಲೂ ಒಂದೇ. ಅಲ್ಲಿ ಹೋಗಿ ಕೂರೋ ಆಂಟಿಬಾಡಿಗೆ ತಾನು ಎ ಮೇಲೆ ಕೂತೆನೋ ಬಿ ಮೇಲೆ ಕೂತೆನೋ ಅನ್ನೋ ಭೇದ ಕಾಣಲಿಕ್ಕಿಲ್ಲ.

19ರ ಗುಂಪಿನ ತುಂಡು ಇನ್ನೂ ಚಿಕ್ಕದು. ಅಸಿಟೈಲ್ ಮ್ಯಾನೋಸಮೈನ್, ಗ್ಲೂಕೋಸ್, ರಾಮ್ನೋಸ್, ಫಾಸ್ಫೇಟ್. ಇಲ್ಲಿ ಗಂಟು ಬದಲಾಗಿರೋದು ಎರಡು ಗಟ್ಟಿ ಉಂಗುರಗಳ ನಡುವೆ. 2ರಿಂದ 3ಕ್ಕೆ ಸರಿದರೆ ಮುಂದಿನ ಉಂಗುರದ ಮುಖವೇ ತಿರುಗುತ್ತೆ, ತುಂಡು ಮರುಕಳಿಸಿದಷ್ಟು ಸಲವೂ ತಿರುಗುತ್ತೆ. ಆಂಟಿಬಾಡಿಗೆ ಹಳೇ ಬೆರಳುದ್ದ ಎಲ್ಲೂ ಪೂರ್ತಿಯಾಗಿ ಸಿಗೋದಿಲ್ಲ.

ಇದಕ್ಕೆ ಪುರಾವೆ ಏನು ಅಂತ ಕೇಳಿದರೆ 6ಸಿ ಯನ್ನ ತೋರಿಸಿ. 2007ರಲ್ಲಿ ಅಮೆರಿಕದ ಅಲಬಾಮಾದಲ್ಲಿ ಮೂನ್ ನಾಹ್ಮ್ ಅವರ ಪ್ರಯೋಗಾಲಯ ಅದನ್ನ ಗುರುತಿಸಿತು. ಅಲ್ಲಿಯವರೆಗೂ ಅದನ್ನ 6ಎ ಅಂತಲೇ ಬರೆದುಕೊಳ್ತಿದ್ದರು, ಯಾಕಂದರೆ ಹಳೇ ಸೀರಮ್‌ಗೆ ಎರಡೂ ಒಂದೇ. 6ಎ ಯ ಗ್ಯಾಲಕ್ಟೋಸ್ ಜಾಗದಲ್ಲಿ ಗ್ಲೂಕೋಸ್ ಕೂತರೆ 6ಸಿ. ಗ್ಯಾಲಕ್ಟೋಸ್‌ಗೂ ಗ್ಲೂಕೋಸ್‌ಗೂ ಇರೋ ಭೇದ 4ನೇ ಕಾರ್ಬನ್‌ನ ಒಂದು ಹೈಡ್ರಾಕ್ಸಿಲ್ ಮೇಲಿದೆಯೋ ಕೆಳಗಿದೆಯೋ ಅನ್ನೋದಷ್ಟೆ. 6ಬಿ ಇದ್ದ ಲಸಿಕೆ 6ಎ ಯನ್ನ ತಡೆದರೂ 6ಸಿ ಯನ್ನ ತಡೀಲಿಲ್ಲ. ಮುಂದೆ 2010ರಲ್ಲಿ 6ಎ ಯನ್ನೂ ಸೇರಿಸಿದ ಹದಿಮೂರು ಬಗೆಯ ಲಸಿಕೆ ಬಂತು, ಆಗ 6ಸಿ ಗೂ ರಕ್ಷಣೆ ಸಿಕ್ಕಿತು. ಜೋಡಿಸಿ ನೋಡಿ. 6ಬಿ ಯಿಂದ 6ಎ ಗೆ ಒಂದು ಹೆಜ್ಜೆ, 6ಎ ಯಿಂದ 6ಸಿ ಗೆ ಒಂದು ಹೆಜ್ಜೆ, 6ಬಿ ಯಿಂದ 6ಸಿ ಗೆ ಎರಡು ಹೆಜ್ಜೆ. ಈ ಗುಂಪಿನಲ್ಲಿ ಆಂಟಿಬಾಡಿ ಒಂದು ಹೆಜ್ಜೆಯನ್ನ ಮನ್ನಿಸುತ್ತೆ, ಎರಡನ್ನ ಮನ್ನಿಸೋದಿಲ್ಲ. 19ರ ಗುಂಪಿನಲ್ಲಿ ಮೊದಲ ಹೆಜ್ಜೆಗೇ ಬಾಗಿಲು ಹಾಕುತ್ತೆ. ಹಾಗಾಗಿ ಎಷ್ಟು ವ್ಯತ್ಯಾಸ ಅಂತ ಎಣಿಸೋದಕ್ಕಿಂತ ವ್ಯತ್ಯಾಸ ಎಲ್ಲಿ ಬಿದ್ದಿದೆ ಅಂತ ನೋಡೋದು ಮುಖ್ಯ.


ತೋಳಹುಣಸೆ ಎಂಎಸ್ಸಿ

ಸರ್, ತುಂಬಾ ಥ್ಯಾಂಕ್ಸ್. 6ಸಿ ಯನ್ನ ನಾನು ಬರೀ ‘ಹೊಸ ಸಿರೋಟೈಪ್’ (ಹೊದಿಕೆಯ ಹೊಸ ಬಗೆ) ಅಂತ ಒಂದು ಸಾಲಲ್ಲಿ ಮುಗಿಸಿದ್ದೆ. ಈಗ ಅದನ್ನೇ ನಡುವೆ ಇಡ್ತೀನಿ. ಆದರೆ ಲ್ಯಾಬ್ ಅಣ್ಣ ಹೇಳಿದ್ದೂ ನಿಜ ಅಲ್ವಾ? 19ಎಫ್ ಸೀರಮ್ 19ಎ ಗೆ ಅಂಟುತ್ತೆ ಅಂತಲೇ ಬರೆದಿದ್ದಾರೆ. ಅಂಟಿದರೂ ಯಾಕೆ ತಡೆಯೋದಿಲ್ಲ?


ಎಂಸಿಸಿ ಮಕ್ಕಳ ಡಾಕ್ಟರ್

ಇದಕ್ಕೆ ನಾನು ಉತ್ತರ ಕೊಡ್ತೀನಿ. ಅಂಟೋದು ಬೇರೆ, ಕೊಲ್ಲಿಸೋದು ಬೇರೆ. ನ್ಯುಮೋಕಾಕಸ್ ವಿಷಯದಲ್ಲಿ ಆಂಟಿಬಾಡಿ ತಾನೇ ಏನೂ ಕೊಲ್ಲೋದಿಲ್ಲ. ಹೊದಿಕೆ ಮೇಲೆ ಬಿಗಿಯಾಗಿ ಕೂತು, ಕಾಂಪ್ಲಿಮೆಂಟ್ ಅನ್ನೋ ರಕ್ತದ ಪ್ರೋಟೀನ್‌ಗಳನ್ನ ಕರೆದು, ಬಿಳಿ ರಕ್ತಕಣಕ್ಕೆ ನುಂಗೋಕೆ ಹಿಡಿಕೆ ಮಾಡಿಕೊಡುತ್ತೆ. ಹಿಡಿತ ಸಡಿಲವಾಗಿದ್ದರೆ ನುಂಗೋ ಕೆಲಸ ಶುರುವಾಗೋದೇ ಇಲ್ಲ. ಎಲಿಸಾ ಅನ್ನೋ ಲ್ಯಾಬ್ ಪರೀಕ್ಷೆ ಅಳೆಯೋದು ಅಂಟಿತೋ ಇಲ್ಲವೋ ಅನ್ನೋದನ್ನ. ನುಂಗಿ ಕೊಂದಿತೋ ಇಲ್ಲವೋ ಅಂತ ಅಳೆಯೋಕೆ ಆಪ್ಸೋನೋಫಾಗೋಸೈಟಿಕ್ ಪರೀಕ್ಷೆ ಬೇಕು, ಅಲ್ಲಿ ಜೀವಂತ ಬ್ಯಾಕ್ಟೀರಿಯಾ, ಕಾಂಪ್ಲಿಮೆಂಟ್, ನುಂಗೋ ಕಣ ಮೂರೂ ಪರೀಕ್ಷಾ ತಟ್ಟೆಯ ಒಂದೇ ಕುಳಿಯಲ್ಲಿ ಇರ್ತಾವೆ. 19ಎಫ್ ಲಸಿಕೆ ಪಡೆದ ಮಕ್ಕಳ ಸೀರಮ್ ಎಲಿಸಾದಲ್ಲಿ 19ಎ ಗೆ ಚೆನ್ನಾಗಿ ಅಂಟ್ತು, ಈ ಎರಡನೇ ಪರೀಕ್ಷೆಯಲ್ಲಿ ಸೋತಿತು. 6ಎ ವಿಷಯದಲ್ಲಿ ಎರಡರಲ್ಲೂ ಗೆದ್ದಿತು.

ಎಲಿಸಾ ಮೇಲೂ ಕಣ್ಣುಮುಚ್ಚಿ ನಂಬಿಕೆ ಇಡೋ ಹಾಗಿಲ್ಲ. ಎಲ್ಲ ನ್ಯುಮೋಕಾಕಸ್ ಗೋಡೆಯಲ್ಲೂ ಸಿ ಪಾಲಿಸ್ಯಾಕರೈಡ್ ಅಂತ ಒಂದಿದೆ, ಅದು ಕ್ಯಾಪ್ಸೂಲ್ ತೆಗೆಯುವಾಗ ಜೊತೆಗೇ ಬಂದುಬಿಡುತ್ತೆ. ನಮ್ಮೆಲ್ಲರ ರಕ್ತದಲ್ಲೂ ಅದಕ್ಕೆ ಆಂಟಿಬಾಡಿ ಇರ್ತಾವೆ. ಅದನ್ನ ಮೊದಲೇ ಹೀರಿ ತೆಗೆಯದೆ ಎಲಿಸಾ ಮಾಡಿದರೆ ಎಲ್ಲರೂ ಎಲ್ಲದಕ್ಕೂ ಪಾಸಿಟಿವ್. ಆಮೇಲೆ ಅದೂ ಸಾಲದೆ 22ಎಫ್‌ನ ಸಕ್ಕರೆಯಿಂದಲೂ ಹೀರಿಸೋ ಕ್ರಮ ಬಂತು. ಅಂದಹಾಗೆ, ದಾವಣಗೆರೆಯ ಪ್ರತಿ ಬೀದಿಯ ಲ್ಯಾಬಲ್ಲೂ ಮಾಡೋ ಸಿಆರ್‌ಪಿ (ಸಿ ರಿಯಾಕ್ಟಿವ್ ಪ್ರೋಟೀನ್) ರಕ್ತಪರೀಕ್ಷೆ ಇದೆಯಲ್ಲ, ಅದರ ‘ಸಿ’ ಇದೇ ಸಿ. 1930ರಲ್ಲಿ ಟಿಲೆಟ್ ಮತ್ತು ಫ್ರಾನ್ಸಿಸ್ ನ್ಯುಮೋನಿಯಾ ರೋಗಿಗಳ ಸೀರಮ್‌ನಲ್ಲಿ ಈ ಸಿ ಪಾಲಿಸ್ಯಾಕರೈಡ್ ಜೊತೆ ಸೇರಿ ಗಸಿಯಾಗೋ ಒಂದು ಪ್ರೋಟೀನ್ ಕಂಡುಕೊಂಡರು. ಅದು ಆಂಟಿಬಾಡಿ ಅಲ್ಲ, ಆ ಸಕ್ಕರೆಯ ಮೇಲಿರೋ ಫಾಸ್ಫೋಕೋಲಿನ್ ಹಿಡಿಯೋ ಪ್ರೋಟೀನ್.

19ಎ ಏರಿಕೆಗೆ ಆಂಟಿಬಯೋಟಿಕ್‌ಗೆ ಬಗ್ಗದ ತಳಿಗಳೂ ಕಾರಣ ಅನ್ನೋದು ಸರಿ, ಲ್ಯಾಬ್‌ನವರೇ. ಒಂದು ಬಾಗಿಲು ತೆರೆದಿತ್ತು, ಇನ್ನೊಂದು ಕಡೆಯಿಂದ ನೂಕು ಬಂತು.


ವಿದ್ಯಾನಗರ ಲ್ಯಾಬ್

ಒಪ್ಪಿದೆ ಡಾಕ್ಟ್ರೇ. ಸ್ಲೈಡ್ ಮೇಲೆ ಕಂಡಿದ್ದನ್ನೇ ಪೂರ್ತಿ ಸತ್ಯ ಅಂದುಕೊಳ್ಳೋ ಅಭ್ಯಾಸ ಆಗಿಬಿಟ್ಟಿದೆ.


ಪಿಜೆ ಬಡಾವಣೆ ತಾಯಿ

ನಡುವೆ ಬಂದಿದ್ದಕ್ಕೆ ಬೇಸರ ಮಾಡ್ಕೋಬೇಡಿ. ನಾನು ವಿಜ್ಞಾನ ಓದಿದೋಳಲ್ಲ. ನನ್ನ ಮಗಳಿಗೆ ಈಗ ಮೂರು ತಿಂಗಳು. ಒಂದೂವರೆ ತಿಂಗಳಿಗೆ ಸರ್ಕಾರಿ ಲಸಿಕಾ ಕೇಂದ್ರದಲ್ಲಿ ನ್ಯುಮೋನಿಯಾದ್ದು ಅಂತ ಒಂದು ಸೂಜಿ ಹಾಕಿಸಿದ್ವಿ. ಮೇಲೆ ಬರೆದಿದ್ದು ಓದಿ ಗಾಬರಿ ಆಯ್ತು. ನಮ್ಮ ಲಸಿಕೆಯಲ್ಲಿ ಆ 19ಎ ಇದೆಯಾ?


ಎಂಸಿಸಿ ಮಕ್ಕಳ ಡಾಕ್ಟರ್

ಗಾಬರಿ ಬೇಡಮ್ಮ. ನಾವು ಮಾತಾಡ್ತಿರೋದು ಹಳೇ ಏಳು ಬಗೆಯ ಲಸಿಕೆ ಬಗ್ಗೆ. ನಮ್ಮ ದೇಶದಲ್ಲಿ ನ್ಯುಮೋಕಾಕಲ್ ಲಸಿಕೆ 2017ರಲ್ಲಿ ಕೆಲವು ರಾಜ್ಯಗಳಲ್ಲಿ ಶುರುವಾಗಿ 2021ರಲ್ಲಿ ಎಲ್ಲ ಕಡೆ ಬಂತು. ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್ ಮಾಡೋ ನ್ಯುಮೋಸಿಲ್ ಹತ್ತು ಬಗೆಯದು: 1, 5, 6ಎ, 6ಬಿ, 7ಎಫ್, 9ವಿ, 14, 19ಎ, 19ಎಫ್, 23ಎಫ್. ನೋಡಿ, 6ರಲ್ಲೂ ಎರಡು, 19ರಲ್ಲೂ ಎರಡು. ಒಂದನ್ನ ಹಾಕಿ ಇನ್ನೊಂದು ತಾನಾಗೇ ಬರಲಿ ಅಂತ ಬಿಡದೆ ಎರಡನ್ನೂ ಹಾಕಿದ್ದಾರೆ. ಆರು ವಾರದ್ದು ಆಗಿದೆ. ಹದಿನಾಲ್ಕನೇ ವಾರದ್ದು ಈಗ ಬರುತ್ತೆ, ಒಂಬತ್ತನೇ ತಿಂಗಳಿಗೆ ಬೂಸ್ಟರ್. ತಾಯಿ ಕಾರ್ಡ್ ತಗೊಂಡು ಹೋಗಿ, ತಪ್ಪಿಸಬೇಡಿ.

ಇನ್ನೊಂದು ಮಾತು. ಬರೀ ಸಕ್ಕರೆ ಚುಚ್ಚಿದರೆ ಎರಡು ವರ್ಷದೊಳಗಿನ ಮಗುವಿನ ಮೈ ಅದನ್ನ ಸರಿಯಾಗಿ ಲೆಕ್ಕಕ್ಕೆ ತಗೊಳ್ಳೋದಿಲ್ಲ, ನೆನಪೂ ಉಳಿಯೋದಿಲ್ಲ. ಅದಕ್ಕೇ ಸಕ್ಕರೆಯನ್ನ ಒಂದು ಪ್ರೋಟೀನ್‌ಗೆ ಹೆಣೆದು ಕೊಡ್ತಾರೆ, ಆಗ ರೋಗನಿರೋಧಕ ಟಿ ಕಣಗಳ ಸಹಾಯ ಸಿಗುತ್ತೆ. ಹೆಣೆಯೋ ರೀತಿಯೂ ಮುಖ್ಯ. ಪರ್‌ಅಯೋಡೇಟ್ ಅನ್ನೋ ರಾಸಾಯನಿಕ ಹಾಕಿ ಹೆಣೆದರೆ ಸಕ್ಕರೆಯ ಕೆಲವು ಉಂಗುರ ಒಡೆದು ತೆರೆದುಕೊಳ್ತಾವೆ. 19ಎಫ್‌ನ್ನೇ ಬೇರೆ ವಿಧಾನದಲ್ಲಿ ಹೆಣೆದ ಲಸಿಕೆ 19ಎ ವಿರುದ್ಧ ಸ್ವಲ್ಪ ಹೆಚ್ಚು ಕೆಲಸಕ್ಕೆ ಬರೋ ಆಂಟಿಬಾಡಿ ಕೊಟ್ಟಿತು. ಎಂಎಸ್ಸಿ ಹುಡುಗಿ ಇದನ್ನ ಬರೆದುಕೊಳ್ಳಲಿ.


ಚಳ್ಳಕೆರೆ ಪಶುವೈದ್ಯ

ಕ್ಯಾಪ್ಸೂಲ್ ಅಲ್ಲದಿದ್ದರೂ ಇದೇ ಕಥೆ ನಮ್ಮ ಕೆಲಸದಲ್ಲಿ ದಿನಾ ಬರುತ್ತೆ. ನಮ್ಮ ಕಡೆ ಕುರಿ ಮಂದೆ ಜಾಸ್ತಿ. ಗಬ್ಬದ ಕುರಿ ಕಂದು ಹಾಕಿದರೆ ಮೊದಲು ಬರೋ ಅನುಮಾನ ಬ್ರೂಸೆಲ್ಲಾ. ರೋಸ್ ಬೆಂಗಾಲ್ ತಟ್ಟೆ ಪರೀಕ್ಷೆ ಮಾಡ್ತೀವಿ, ಗುಲಾಬಿ ಬಣ್ಣದ ಆಂಟಿಜನ್ (ಆಂಟಿಬಾಡಿ ಹಿಡಿಯೋ ವಸ್ತು) ಜೊತೆ ಸೀರಮ್ ಬೆರೆಸಿ ಅಲ್ಲಾಡಿಸಿದರೆ ಕಾಳು ಕಟ್ಟುತ್ತೆ. ಆ ಆಂಟಿಬಾಡಿ ಹಿಡಿಯೋದು ಬ್ರೂಸೆಲ್ಲಾದ ಹೊರಮೈಯ ಸಕ್ಕರೆ ಸರಪಳಿಯನ್ನ. ಅದು ಪೆರೋಸಮೈನ್ ಅನ್ನೋ ಒಂದೇ ಸಕ್ಕರೆಗೆ ಫಾರ್ಮೈಲ್ ಗುಂಪು ತಗಲಿಸಿ ಹೆಚ್ಚಾಗಿ 1-2 ಕೊಂಡಿಯಲ್ಲಿ ಪೋಣಿಸಿದ್ದು. ಯರ್ಸಿನಿಯಾ ಎಂಟೆರೋಕೊಲಿಟಿಕಾ ಅನ್ನೋ ಕರುಳಿನ ಬ್ಯಾಕ್ಟೀರಿಯಾದ 9ನೇ ಬಗೆಗೂ ಹೆಚ್ಚುಕಮ್ಮಿ ಅದೇ ಸರಪಳಿ. ಹಾಗಾಗಿ ಬ್ರೂಸೆಲ್ಲಾ ಇಲ್ಲದ ಪ್ರಾಣಿಯೂ ಪಾಸಿಟಿವ್ ಬರಬಹುದು. ಎರಡು ಬ್ಯಾಕ್ಟೀರಿಯಾಗಳೂ ದೂರದ ನೆಂಟರೂ ಅಲ್ಲ, ಸಕ್ಕರೆ ಮಾತ್ರ ಒಂದೇ.

ಇದರ ಉಲ್ಟಾ ಕೂಡ ಇದೆ. ಟಗರಿಗೆ ಬರೋ ಬ್ರೂಸೆಲ್ಲಾ ಓವಿಸ್‌ಗೆ ಆ ಸರಪಳಿಯೇ ಇಲ್ಲ. ಹೆಸರು ಬ್ರೂಸೆಲ್ಲಾನೇ ಆದರೂ ಈ ಪರೀಕ್ಷೆಗೆ ಅದು ಸಿಗೋದಿಲ್ಲ. ಕುರಿಗಾರರಿಗೆ ಇದನ್ನ ಬಿಡಿಸಿ ಹೇಳೋದು ಬಹಳ ಕಷ್ಟ. ‘ಪರೀಕ್ಷೆ ಸುಳ್ಳು ಹೇಳ್ತಾ ಸಾಹೇಬ್ರೇ?’ ಅಂತಾರೆ. ಸುಳ್ಳಲ್ಲ, ಪರೀಕ್ಷೆ ಕಂಡಿದ್ದು ಸಕ್ಕರೆಯನ್ನ, ರೋಗವನ್ನಲ್ಲ ಅಂತ ಹೇಳ್ತೀನಿ.


ವಿದ್ಯಾನಗರ ಲ್ಯಾಬ್

ಡಾಕ್ಟ್ರೇ, ಇದೇ ಮಾತು ಟೈಫಾಯ್ಡ್‌ಗೆ ಅಂತ ಮಾಡೋ ನಮ್ಮ ವಿಡಾಲ್ ರಕ್ತಪರೀಕ್ಷೆಗೂ. ಮಳೆಗಾಲ ಬಂತಂದ್ರೆ ದಿನಕ್ಕೆ ಎಷ್ಟು ವಿಡಾಲ್ ಮಾಡ್ತೀವೋ ಲೆಕ್ಕ ಇಲ್ಲ. ಟೈಫಾಯ್ಡ್ ಬ್ಯಾಕ್ಟೀರಿಯಾದ ಓ ಆಂಟಿಜನ್, ಅಂದ್ರೆ ಅದರ ಮೈಮೇಲಿನ ಸಕ್ಕರೆಯ ಗುರುತು, 9 ಮತ್ತು 12. ಪ್ಯಾರಾಟೈಫಾಯ್ಡ್ ಎ ದು 2 ಮತ್ತು 12. ಬಿ ದು 4 ಮತ್ತು 12. ಆ 12 ಎಲ್ಲರ ಮನೆಯಲ್ಲೂ ಇದೆ. ಹಳೇ ಜ್ವರದ, ಬೇರೆ ಸಾಲ್ಮೊನೆಲ್ಲಾದ ಆಂಟಿಬಾಡಿಯೂ ಬಂದು ಕಾಳು ಕಟ್ಟಿಸುತ್ತೆ. ರಿಪೋರ್ಟ್ ಕೈಗೆ ಬಂದ ತಕ್ಷಣ ಟೈಫಾಯ್ಡ್ ಅಂತ ಹೆದರಿ ಓಡಿಬರೋ ತಂದೆತಾಯಿಗಳನ್ನ ನೋಡಿ ನೋಡಿ ಸಾಕಾಗಿದೆ. ಬ್ಲಡ್ ಕಲ್ಚರ್ ಮಾಡಿಸಿ ಅಂದ್ರೆ ಖರ್ಚು, ಮೂರು ದಿನ ಕಾಯಬೇಕು.

ಈಗ ನನ್ನ ಪ್ರಶ್ನೆ. ಹೋದ ವಾರ ಒಂದು ಬ್ಲಡ್ ಕಲ್ಚರ್ ಬೆಳೀತು. ಬಯೋಕೆಮಿಕಲ್ ಎಲ್ಲ ಟೈಫಾಯ್ಡ್‌ದೇ. ಓ9 ಸೀರಮ್ ಹಾಕಿದ್ರೆ ಹಾಲಿನ ಹಾಗೆ ನಿಂತೇಬಿಡ್ತು, ಒಂದು ಕಾಳೂ ಇಲ್ಲ. ಸೀರಮ್ ಕೆಟ್ಟಿದೆಯೇನೋ ಅಂತ ಕಂಟ್ರೋಲ್ ಹಾಕಿದೆ, ಕಂಟ್ರೋಲ್ ಸರಿಯಾಗಿ ಬಂತು. ಏನಿರಬಹುದು?


ಕೋಟೆ ಕೆಮಿಸ್ಟ್ರಿ

ಅದು ವಿಐ ಹೊದಿಕೆ. ಟೈಫಾಯ್ಡ್ ಬ್ಯಾಕ್ಟೀರಿಯಾದ ಕ್ಯಾಪ್ಸೂಲ್. 1934ರಲ್ಲಿ ಫೆಲಿಕ್ಸ್ ಮತ್ತು ಪಿಟ್ ಗುರುತಿಸಿದ್ದು. ರೋಗಿಯ ರಕ್ತದಿಂದ ಹೊಸದಾಗಿ ಬೆಳೆದ ತಳಿ ಅದನ್ನ ದಪ್ಪವಾಗಿ ಹೊದ್ದಿರುತ್ತೆ, ಒಳಗಿರೋ ಓ ಸಕ್ಕರೆಯವರೆಗೆ ಆಂಟಿಬಾಡಿ ಮುಟ್ಟೋದೇ ಇಲ್ಲ. ಸಲೈನ್‌ನಲ್ಲಿ ಕಲಸಿ ಕುದಿಯೋ ನೀರಿನಲ್ಲಿ ಹದಿನೈದು ನಿಮಿಷ ಇಡಿ, ತಣ್ಣಗಾದ ಮೇಲೆ ಮತ್ತೆ ಓ9 ಹಾಕಿ. ವಿಐ ಸೀರಮ್ ಇದ್ದರೆ ಕುದಿಸೋ ಮುಂಚೆ ಅದನ್ನೂ ಹಾಕಿ ನೋಡಿ.

ಈ ವಿಐ ಬಗ್ಗೆ ಎರಡು ಮಾತು ಹೇಳದೆ ಇರೋಕಾಗಲ್ಲ. ಅದು ಒಂದೇ ಸಕ್ಕರೆಯ ಮಾಲೆ, ಗ್ಯಾಲಕ್ಟೋಸಮಿನ್ಯುರೋನಿಕ್ ಆಮ್ಲ, 1-4 ಕೊಂಡಿ. 3ನೇ ಕಾರ್ಬನ್ ಮೇಲೆ ಅಸಿಟೈಲ್ ಗುಂಪುಗಳು ಹೊರಚಾಚಿಕೊಂಡಿರ್ತಾವೆ. ಆಂಟಿಬಾಡಿ ಹಿಡಿಯೋದು ಹೆಚ್ಚಾಗಿ ಆ ಅಸಿಟೈಲ್‌ಗಳನ್ನೇ. ಕ್ಷಾರ ಹಾಕಿ ಅವನ್ನ ಕಿತ್ತರೆ ಸಕ್ಕರೆ ಹಾಗೇ ಇದ್ದರೂ ಅದರ ಗುರುತು ಹೋಗುತ್ತೆ. ಈಗ ಹಣ್ಣಿನ ಪೆಕ್ಟಿನ್ ನೋಡಿ, ಜಾಮ್ ಗಟ್ಟಿಯಾಗೋಕೆ ಕಾರಣ ಅದೇ. ಅದು ಗ್ಯಾಲಕ್ಟ್ಯುರೋನಿಕ್ ಆಮ್ಲದ 1-4 ಮಾಲೆ. ಬೆನ್ನೆಲುಬು ಬಹಳ ಮಟ್ಟಿಗೆ ವಿಐ ಹಾಗೇ. ಅಮೆರಿಕದಲ್ಲಿ ಶೌಸುನ್ ಸೂ, ಜಾನ್ ರಾಬಿನ್ಸ್ ಅವರ ತಂಡ ಪೆಕ್ಟಿನ್‌ಗೆ ಅಸಿಟೈಲ್ ಗುಂಪುಗಳನ್ನ ತಗಲಿಸಿದರು. ಹಣ್ಣಿನ ಆ ವಸ್ತುವನ್ನ ಟೈಫಾಯ್ಡ್‌ನ ಆಂಟಿಬಾಡಿ ತನ್ನದೇ ಅಂತ ಹಿಡಿಯಿತು!


ತೋಳಹುಣಸೆ ಎಂಎಸ್ಸಿ

ಸರ್ ಇದು ನಿಜಕ್ಕೂ ಆಶ್ಚರ್ಯ. ಇಂಥದ್ದು ಬೇರೆ ಇದ್ರೆ ಹೇಳಿ. ಗಿಡದ ವಸ್ತುವಿಗೆ ನ್ಯುಮೋಕಾಕಸ್ ಆಂಟಿಬಾಡಿ ಅಂಟಿದ ಉದಾಹರಣೆ ಇದೆಯಾ?


ಕೋಟೆ ಕೆಮಿಸ್ಟ್ರಿ

ಇದೆ, ಅದೂ ನಿಮ್ಮ ಊರಿಗೆ ಸೇರಿದ್ದು. ಅರಳೆ.

ಒಂದು ಕಾಲಕ್ಕೆ ಹತ್ತಿ ಗಿರಣಿಗಳಿಂದಲೇ ದಾವಣಗೆರೆಗೆ ಹೆಸರು. ನಮ್ಮ ಅಪ್ಪ ಮಿಲ್ಲಿಗೆ ಅರಳೆ ತರ್ತಿದ್ದ ಗಾಡಿಗಳನ್ನ ನೋಡಿದವರು. ಅರಳೆ ಅಂದರೆ ಸೆಲ್ಯುಲೋಸ್, ಗ್ಲೂಕೋಸ್‌ನ 1-4 ಮಾಲೆ. ಅದಕ್ಕೆ ನ್ಯುಮೋಕಾಕಸ್ ಆಂಟಿಬಾಡಿ ಅಂಟೋದಿಲ್ಲ. ಆದರೆ ನೈಟ್ರೋಜನ್ ಡೈಆಕ್ಸೈಡ್‌ನಿಂದ ಆಕ್ಸಿಡೀಕರಿಸಿದರೆ ಕೆಲವು ಗ್ಲೂಕೋಸ್‌ಗಳ ತುದಿಯ 6ನೇ ಕಾರ್ಬನ್ ಆಮ್ಲವಾಗಿ ಗ್ಲುಕ್ಯುರೋನಿಕ್ ಆಮ್ಲ ಆಗುತ್ತೆ. ಆಗ ಮಾಲೆಯಲ್ಲಿ ಅಲ್ಲಲ್ಲಿ ಗ್ಲುಕ್ಯುರೋನಿಕ್ ಆಮ್ಲ, ಪಕ್ಕದಲ್ಲಿ ಗ್ಲೂಕೋಸ್, ನಡುವೆ 1-4 ಕೊಂಡಿ. ಈ ಜೋಡಿಯ ಹೆಸರು ಸೆಲ್ಲೋಬಯೋಯುರೋನಿಕ್ ಆಮ್ಲ.

ನ್ಯುಮೋಕಾಕಸ್ 3ನೇ ಬಗೆಯ ಕ್ಯಾಪ್ಸೂಲ್ ಪೂರ್ತಿ ಇದೇ ಜೋಡಿಯಿಂದ ಕಟ್ಟಿದ್ದು. 8ನೇ ಬಗೆಯಲ್ಲಿ ಈ ಜೋಡಿಯ ಜೊತೆ ಇನ್ನೊಂದು ಗ್ಲೂಕೋಸ್, ಒಂದು ಗ್ಯಾಲಕ್ಟೋಸ್ ಸೇರಿದೆ. ಅದಕ್ಕೇ 3 ಮತ್ತು 8 ಬಹಳ ಹಿಂದಿನಿಂದಲೂ ಕ್ರಾಸ್ ರಿಯಾಕ್ಷನ್ ಕೊಡ್ತಾವೆ, ಅಂಕಿ ಬೇರೆ ಬೇರೆ ಆದರೂ. 1942ರಲ್ಲಿ ಮೈಕೆಲ್ ಹೈಡೆಲ್‌ಬರ್ಗರ್ ಮತ್ತು ಗ್ಲಾಡಿಸ್ ಹಾಬಿ ಆಕ್ಸಿಡೀಕರಿಸಿದ ಅರಳೆಯನ್ನ 3 ಮತ್ತು 8ನೇ ಬಗೆಯ ಸೀರಮ್‌ಗೆ ಹಾಕಿದರು. ಗಸಿ ಬಿತ್ತು. ಬ್ಯಾಕ್ಟೀರಿಯಾವನ್ನೇ ಕಾಣದ ಒಂದು ಗಿಡದ ನೂಲು, ನ್ಯುಮೋನಿಯಾದ ಸೀರಮ್ ಜೊತೆ ಗಸಿಯಾಯ್ತು. ನನಗೆ ಈ ಪ್ರಯೋಗ ಓದಿದಾಗ ಆದ ಖುಷಿ ಇವತ್ತಿಗೂ ಇದೆ, ಪ್ರತಿ ವರ್ಷ ತರಗತಿಯಲ್ಲಿ ಹೇಳ್ತೀನಿ.

ಹೈಡೆಲ್‌ಬರ್ಗರ್ ಬಗ್ಗೆ ಒಂದು ಮಾತು ನಿಮ್ಮ ಸೆಮಿನಾರ್‌ನಲ್ಲಿ ಇರಲಿ. 1923ರಲ್ಲಿ ಆಸ್ವಾಲ್ಡ್ ಏವರಿ ಅನ್ನೋ ವಿಜ್ಞಾನಿ ಜೊತೆ ಸೇರಿ ಕ್ಯಾಪ್ಸೂಲ್ ಅಂದರೆ ಸಕ್ಕರೆ ಅಂತ ತೋರಿಸಿದವರು ಅವರೇ. ಆಗ ಆಂಟಿಜನ್ ಅಂದರೆ ಪ್ರೋಟೀನೇ ಅಂತ ಎಲ್ಲರ ನಂಬಿಕೆ. 1888ರಲ್ಲಿ ಹುಟ್ಟಿ 1991ರವರೆಗೆ ಬದುಕಿದರು. ಜಾಲಿ ಜಾತಿಯ ಮರದ ಅಂಟು, ಅದೇ ಗಮ್ ಅರೇಬಿಕ್, ಅದನ್ನ ಆಮ್ಲದಲ್ಲಿ ಸ್ವಲ್ಪ ಒಡೆದರೆ 2 ಮತ್ತು 3ನೇ ಬಗೆಯ ಸೀರಮ್‌ಗೆ ಪ್ರತಿಕ್ರಿಯಿಸುತ್ತೆ ಅಂತ 1929ರಲ್ಲೇ ಅವರ ತಂಡ ಬರೆದಿತ್ತು. ಸಕ್ಕರೆಯ ರಚನೆ ಗೊತ್ತಿಲ್ಲದಾಗ ಯಾವ ಸೀರಮ್‌ಗೆ ಅಂಟುತ್ತೆ ಅಂತ ನೋಡಿ ರಚನೆ ಊಹಿಸೋ ಮಟ್ಟಕ್ಕೆ ಅವರು ಹೋಗಿದ್ದರು. ಕ್ರಾಸ್ ರಿಯಾಕ್ಷನ್ ಅನ್ನೋದನ್ನ ಉಳಿದವರು ದೋಷ ಅಂತ ನೋಡ್ತಿದ್ದಾಗ ಅವರು ಅದನ್ನೇ ಅಳತೆಗೋಲು ಮಾಡಿಕೊಂಡರು.


ಪಿಜೆ ಬಡಾವಣೆ ತಾಯಿ

ಅಂಟು ಅಂದ್ರಲ್ಲ ಸರ್, ಬಾಣಂತನದಲ್ಲಿ ನಮ್ಮತ್ತೆ ದಿನಾ ಅಂಟಿನುಂಡೆ ಕೊಡ್ತಿದ್ರು. ಅದೇ ಅಂಟಾ? ಅದನ್ನ ತಿಂದ್ರೆ ನ್ಯುಮೋನಿಯಾಕ್ಕೆ ಏನಾದ್ರೂ ತಡೆ ಇದೆಯಾ?


ಎಂಸಿಸಿ ಮಕ್ಕಳ ಡಾಕ್ಟರ್

ಅಂಟಿನುಂಡೆಗೆ ಹಾಕೋದೂ ಜಾಲಿ ಜಾತಿಯ ಮರದ ಅಂಟೇ ಇರುತ್ತೆ ಸಾಮಾನ್ಯವಾಗಿ. ತಿನ್ನಿ, ಚೆನ್ನಾಗಿರುತ್ತೆ. ಲಸಿಕೆ ಬದಲಿಗೆ ಅಲ್ಲ. ಸರ್ ಹೇಳಿದ ಪ್ರಯೋಗದಲ್ಲಿ ಆಂಟಿಬಾಡಿ ಮೊದಲೇ ತಯಾರಾಗಿತ್ತು, ಅಂಟನ್ನ ಆಮ್ಲದಲ್ಲಿ ಒಡೆದು ಅದರ ಮುಂದೆ ಇಟ್ಟರು ಅಷ್ಟೆ. ಹಿಡಿಸಿಕೊಳ್ಳೋದು ಸುಲಭ, ಹುಟ್ಟಿಸೋದು ಕಷ್ಟ.


ತೋಳಹುಣಸೆ ಎಂಎಸ್ಸಿ

ಕೊನೇ ಪ್ರಶ್ನೆ. ಮೆದುಳುಜ್ವರ ತರೋ ಮೆನಿಂಗೋಕಾಕಸ್‌ನ ಬಿ ಬಗೆಗೆ ಕ್ಯಾಪ್ಸೂಲ್ ಲಸಿಕೆ ಇಲ್ಲ, ಸಿ ಗೆ ಇದೆ. ಎರಡರದ್ದೂ ಸಿಯಾಲಿಕ್ ಆಮ್ಲ ಅನ್ನೋ ಸಕ್ಕರೆಯ ಮಾಲೆ ಅಂತಿದೆ. ಇದೂ ಕೊಂಡಿಯದೇ ಕಥೆನಾ?


ಎಂಸಿಸಿ ಮಕ್ಕಳ ಡಾಕ್ಟರ್

ಹೌದು, ಆದರೆ ಇಲ್ಲಿ ಕ್ರಾಸ್ ರಿಯಾಕ್ಷನ್ ನಮ್ಮ ಮೈ ಜೊತೆಗೇ. ಬಿ ಯಲ್ಲಿ ಆಲ್ಫಾ 2-8 ಕೊಂಡಿ, ಸಿ ಯಲ್ಲಿ ಆಲ್ಫಾ 2-9. ನಮ್ಮ ಮೆದುಳಿನ ನರಕೋಶಗಳ ಮೇಲೆ, ಗರ್ಭದಲ್ಲಿರೋವಾಗಂತೂ ಹೇರಳವಾಗಿ, 2-8 ಕೊಂಡಿಯ ಅದೇ ಸಿಯಾಲಿಕ್ ಮಾಲೆ ಇರುತ್ತೆ. 1983ರಲ್ಲಿ ಫಿನ್ಲೆಂಡ್‌ನ ಯುಕ್ಕಾ ಫಿನ್ನೆ ಮತ್ತು ಜೊತೆಗಾರರು ಈ ಹೋಲಿಕೆ ತೋರಿಸಿದರು. ಮೈ ಅದನ್ನ ತನ್ನದು ಅಂತಲೇ ನೋಡುತ್ತೆ, ಆಂಟಿಬಾಡಿ ಸರಿಯಾಗಿ ಹುಟ್ಟೋದಿಲ್ಲ, ಹುಟ್ಟಿಸೋಕೂ ಭಯ. ಹಾಗಾಗಿ ಬಿ ಲಸಿಕೆಗೆ ಸಕ್ಕರೆ ಬಿಟ್ಟು ಪ್ರೋಟೀನ್ ಹಿಡಿದರು. ನವಜಾತ ಶಿಶುಗಳಿಗೆ ಮೆದುಳುಜ್ವರ ತರೋ ಇ. ಕೋಲಿ ಕೆ1 ಕೂಡ ಇದೇ 2-8 ಹೊದಿಕೆ ಹೊದ್ದು ಬರುತ್ತೆ. ಆ ಮಕ್ಕಳನ್ನ ಐಸಿಯುನಲ್ಲಿ ನೋಡುವಾಗ ನನಗೆ ಈ ರಚನೆ ಬರೀ ಪಾಠ ಅನಿಸೋದಿಲ್ಲ.


ಕೋಟೆ ಕೆಮಿಸ್ಟ್ರಿ

ಒಂದು ತಿದ್ದುಪಡಿ. ನಮ್ಮದನ್ನ ಹೋಲುವ ಸಕ್ಕರೆಗೆ ಯಾವತ್ತೂ ಆಂಟಿಬಾಡಿ ಹುಟ್ಟೋದಿಲ್ಲ ಅಂತ ಬರೆಯಬೇಡಿ. ನ್ಯುಮೋಕಾಕಸ್ 14ನೇ ಬಗೆಯ ಹೊದಿಕೆ ಮನುಷ್ಯರ ಕೆಂಪು ರಕ್ತಕಣದ ಸಕ್ಕರೆಯನ್ನ ಭಾಗಶಃ ಹೋಲುತ್ತೆ. ಆಂಟಿಬಯೋಟಿಕ್ ಬರೋ ಮುಂಚೆ ನ್ಯುಮೋನಿಯಾಕ್ಕೆ ಕುದುರೆ ಸೀರಮ್ ಕೊಡ್ತಿದ್ದರಲ್ಲ, ಆ ಕುದುರೆಗಳ 14ನೇ ಬಗೆಯ ಸೀರಮ್ ಮನುಷ್ಯರ ರಕ್ತಕಣಗಳನ್ನೂ ಕಾಳು ಕಟ್ಟಿಸ್ತಿತ್ತು. ಕುದುರೆಗೆ ಅದು ಪರಕೀಯ, ನಮಗೆ ಸ್ವಂತದ್ದು. 14ನೇ ಬಗೆ ಇವತ್ತು ಮಕ್ಕಳ ಲಸಿಕೆಯಲ್ಲಿದೆ, ತೊಂದರೆ ಇಲ್ಲ. ಹುಟ್ಟೋ ಆಂಟಿಬಾಡಿ ಯಾರ ಮೈಯಲ್ಲಿ ಹುಟ್ಟುತ್ತೆ ಅನ್ನೋದೂ ಲೆಕ್ಕ.


ತೋಳಹುಣಸೆ ಎಂಎಸ್ಸಿ

ಸೆಮಿನಾರ್ ಕ್ರಮ ಬದಲಾಯಿಸಿದೆ. ಮೊದಲು ಅರಳೆ, ಆಮೇಲೆ 3 ಮತ್ತು 8. ನಂತರ 6ಎ, 6ಬಿ, 6ಸಿ ಮೂರನ್ನೂ ಒಂದೇ ಸ್ಲೈಡಿನಲ್ಲಿ ಬಿಡಿಸಿ ಹೆಜ್ಜೆ ಎಣಿಸಿ ತೋರಿಸ್ತೀನಿ. ಅದರ ಪಕ್ಕ 19. ಕೊನೆಗೆ ಅಂಟೋದು ಬೇರೆ, ನುಂಗಿಸೋದು ಬೇರೆ ಅನ್ನೋದು. ಚಳ್ಳಕೆರೆ ಸರ್, ನಿಮ್ಮ ಕುರಿಗಾರರ ಪ್ರಶ್ನೆಯನ್ನ ಹಾಗೇ ಹೇಳ್ತೀನಿ, ಬೇಡ ಅಂದ್ರೆ ತಿಳಿಸಿ.


ಚಳ್ಳಕೆರೆ ಪಶುವೈದ್ಯ

ಧಾರಾಳವಾಗಿ ಹೇಳಮ್ಮ.


ವಿದ್ಯಾನಗರ ಲ್ಯಾಬ್

ಮೇಷ್ಟ್ರೇ, ಇವತ್ತು ಬೆಳಿಗ್ಗೆ ಆ ತಳಿಯನ್ನ ಮತ್ತೆ ಹಾಕಿದೆ. ಎರಡು ಟ್ಯೂಬ್ ಮಾಡಿದೆ, ಒಂದನ್ನ ಹಾಗೇ ಇಟ್ಟೆ, ಇನ್ನೊಂದನ್ನ ಹದಿನೈದು ನಿಮಿಷ ಕುದಿಸಿದೆ. ಕುದಿಸದ್ದು ಓ9ಗೆ ಹಾಲಿನ ಹಾಗೇ ನಿಂತಿತ್ತು, ವಿಐ ಸೀರಮ್‌ಗೆ ಕಾಳು ಕಟ್ಟಿತು. ಕುದಿಸಿದ್ದಕ್ಕೆ ಓ9 ಹಾಕಿ ಸ್ಲೈಡ್ ಅತ್ತಿತ್ತ ಆಡಿಸ್ತಿದ್ದ ಹಾಗೆ ಮೊಸರು ಒಡೆದ ಹಾಗೆ ಆಯ್ತು. ರಿಪೋರ್ಟ್ ಬರೆದು ಕಳಿಸಿದೆ, ಡಾಕ್ಟ್ರು ಔಷಧಿ ಮುಂದುವರಿಸ್ತಿದ್ದಾರೆ, ಹುಡುಗನಿಗೆ ಜ್ವರ ಇಳಿದಿದೆಯಂತೆ.

ತಂಗಿ, ಕುದಿಸಿದ ಟ್ಯೂಬ್ ಇನ್ನೂ ಇಟ್ಟಿದ್ದೀನಿ. ನಾಳೆ ನಾಲ್ಕು ಗಂಟೆ ಮೇಲೆ ಬಾ, ನಿನ್ನ ಕೈಯಾರೆ ಹಾಕಿ ನೋಡು.